ಕೊನೆಯ ಕಾಲಂ

ಶ್ರೀರಾಂಪುರ, ಬೆಂಗಳೂರು
೧೧ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ಅಣ್ಣಾ,

('ಪ್ರೀತಿಯ' ಎಂದು ಅಭ್ಯಾಸಬಲದಿಂದ ಬರೆದೆ, ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಬಿಟ್ಟಿದ್ದೇನೆ.) ಕಲಬುರಗಿಯ ಬಿಸಿಲು ಇಳಿಯಿತೆ? ನಿನ್ನ ಹೊಟ್ಟೆಯುರಿ ಕಡಿಮೆಯಾಯಿತೆ? ನನ್ನದು ಜಾಸ್ತಿಯಾಗಿದೆ. ಫೋನಿನ ಗ್ರೂಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತೀಯ, ಅದಕ್ಕೇ ಕಾಗದ.

ನೀನು ಕಳಿಸಿದ ಪಟ್ಟಿ ಬಂತು. ನರ್ಸಿಂಗ್, ಫಿಸಿಯೊಥೆರಪಿ, ಲ್ಯಾಬ್ ಟೆಕ್ನಾಲಜಿ. ಎಷ್ಟು ವರ್ಷ, ವರ್ಷಕ್ಕೆಷ್ಟು ಫೀಸು. ಖಜಾನೆ ಇಲಾಖೆಯವನಲ್ಲವೆ, ಕೂಡಿ ಕಳೆದು ಕೊನೆಗೆ ನನ್ನನ್ನೇ ಕಳೆದಿದ್ದೀಯ. ಅಗ್ಗದ ಲ್ಯಾಬ್ ಟೆಕ್ನಾಲಜಿ ಮೇಲೆ, ಹಸಿರು ಬಣ್ಣದಲ್ಲಿ. ನಾನು ಕೇಳಿದ, ನನಗೆ ಸೀಟೂ ಸಿಕ್ಕಿರುವ ಫಿಸಿಯೊಥೆರಪಿ ಕೆಳಗೆ, ಕೆಂಪಿನಲ್ಲಿ. ದರಪಟ್ಟಿಯಲ್ಲಿ ದರವೆಲ್ಲ ಇದೆ, ಆದರ ಮಾತ್ರ ಇಲ್ಲ. ಮೇಲಾಗಿ ಆ ಕೊನೆಯ ಕಾಲಂ! 'ಧನುವಿನ ಮದುವೆಗೆ ಉಳಿಯುವುದು.' ನಿನ್ನ ಎಂ.ಕಾಂಗೆ ಅಮ್ಮ ಓಲೆ ಅಡವಿಟ್ಟಾಗ, ನಿನ್ನ ಮದುವೆಗೆಷ್ಟು ಉಳಿಯಿತೆಂದು ಯಾರಾದರೂ ಕಾಲಂ ಎಳೆದಿದ್ದರೆ? 'ನಾನು ಒಪ್ಪದೆ ಬ್ಯಾಂಕಿನ ಡಿಪಾಜಿಟ್ ಮುಟ್ಟಬೇಡಿ' ಎಂದು ಅಪ್ಪನಿಗೂ ಹೇಳಿದ್ದೀಯಂತೆ. ಸೋಮವಾರದೊಳಗೆ ಕಟ್ಟದಿದ್ದರೆ ನನ್ನ ಸೀಟು ಹೋಗುತ್ತದೆ.

ನಿನ್ನ ಹಸಿರು ಕಾಲೇಜಿಗೆ ಬುಧವಾರ ಹೋಗಿದ್ದೆವು. ಅಮ್ಮ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಬುಟ್ಟಿಯನ್ನು ಪಕ್ಕದವರಿಗೊಪ್ಪಿಸಿ ಬಂದಿದ್ದಳು. ಪಟ್ಟಿಯಲ್ಲಿರುವುದು ಬರೀ ಪಾಠದ ಫೀಸು ಎಂದ ಕೌಂಟರಿನವನು. ಹಾಸ್ಟೆಲ್ ಕಡ್ಡಾಯ. ಬಸ್ಸೂ ಕಡ್ಡಾಯ.

"ಹಾಸ್ಟೆಲ್‌ನಲ್ಲಿರೋಳಿಗೆ ಬಸ್ಸು ಯಾಕಪ್ಪಾ?" ಎಂದಳು ಅಮ್ಮ.

"ಹತ್ತೋದು ಬಿಡೋದು ನಿಮ್ಮಿಷ್ಟ ಅಮ್ಮಾ, ದುಡ್ಡು ಮಾತ್ರ ಕಟ್ಲೇಬೇಕು."

ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಸೊಪ್ಪು ಕಟ್ಟೋ ದಾರಕ್ಕೂ ನಾನು ಕಾಸು ತಗೊಳಲ್ಲ ಕಣಪ್ಪ" ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು, ನನಗೆ ಅಳು ಬಂತು. ಎಲ್ಲ ಸೇರಿಸಿದರೆ ನಿನ್ನ ಹಸಿರೂ ಕೆಂಪಾಗುತ್ತದೆ. ಫಿಸಿಯೊಥೆರಪಿ ಆಗಲೂ ಅರವತ್ತು ಸಾವಿರ ಜಾಸ್ತಿಯೇ, ಸುಳ್ಳು ಹೇಳುವುದಿಲ್ಲ.

ಆದರೆ ದೀಪಾವಳಿಗೆ ಅಪ್ಪನಿಗೆ ಲಕ್ವ ಹೊಡೆದಾಗ ನೀನು ನಾಲ್ಕು ದಿನ ಇದ್ದು ಹೋದೆ. ಆಮೇಲೆ ವಾರಕ್ಕೆ ಮೂರು ಸಲ ಬಂದವರು ಫಿಸಿಯೊ ರುದ್ರಾಣಿ ಮೇಡಂ. ಬಿದ್ದ ಬಲಗೈಗೆ ಅವರೆಕಾಯಿ ಕೊಟ್ಟು ಸುಲಿಸಿದರು. ಮೊದಲ ದಿನ ಒಂದು ಕಾಯಿಗೆ ಅರ್ಧ ಗಂಟೆ. ಅಪ್ಪ ಎಡಗೈಯಲ್ಲಿ ಮೊರ ಎಸೆದು ಬೈದರು. ಮೇಡಂ ಕಾಳು ಆರಿಸುತ್ತ, "ಬೈರಿ ಸಾರ್, ಬಾಯಿಗೂ ಎಕ್ಸರ್‌ಸೈಜು" ಎಂದರು. ಸಂಕ್ರಾಂತಿಗೆ ನೀನು ಬಂದಾಗ ಎರಡು ಸಲ ಹಾಕಿಸಿಕೊಂಡೆಯಲ್ಲ ಆ ಹುಳಿ, ಅದರ ಕಾಳು ಅಪ್ಪ ಸುಲಿದದ್ದು. ಲ್ಯಾಬಿನ ಕೆಲಸವೇನೂ ಕೀಳಲ್ಲ. ನನಗೆ ಈ ಕೆಲಸ ಬೇಕು, ಅಷ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ, ಅಮ್ಮ ಹೇಳಿದಳು. ಅಪ್ಪನ ಆಶೀರ್ವಾದ. ನನ್ನದು ಸದ್ಯಕ್ಕೆ ನಮಸ್ಕಾರ, ಅದೂ ದೂರದಿಂದ.

ಇತಿ,
ಹೆಸರಿನಲ್ಲಷ್ಟೇ ಧನವಿರುವ ನಿನ್ನ ತಂಗಿ,
ಧನಲಕ್ಷ್ಮಿ

ತಾ.ಕ.: ಕವರು ಅಂಟಿಸುವ ಮೊದಲು ಇಷ್ಟು. ಈಗಷ್ಟೇ ಬ್ಯಾಂಕಿನಿಂದ ಬಂದೆವು. ಸಹಿ ಹೊಂದುವುದಿಲ್ಲವೆಂದು ಮಾರ್ಚಿನಲ್ಲಿ ಅಪ್ಪನ ಚೆಕ್ಕು ವಾಪಸು ಕಳಿಸಿದ್ದರಲ್ಲ, ಅದೇ ಬ್ಯಾಂಕು. ಡಿಪಾಜಿಟ್ ಮುರಿಸುವ ಫಾರಮ್ಮಿಗೆ ಅಪ್ಪ ಬಲಗೈಯಲ್ಲೇ ಸಹಿ ಹಾಕಿದರು, 'ಶ್ರೀರಾಮಪ್ಪ' ಎಂದು ಪೂರ್ತಿ, ನಿಧಾನವಾಗಿ. ಕೌಂಟರಿನ ಹುಡುಗಿ ಹಳೆಯ ಸಹಿಯ ಪಕ್ಕ ಹಿಡಿದು ನೋಡಿ, "ಸರಿಹೋಯ್ತು ಸಾರ್" ಎಂದಳು. ಅಲ್ಲಿಂದಲೇ ಫಿಸಿಯೊಥೆರಪಿಗೆ ಫೀಸು ಕಟ್ಟಿ ಆಯಿತು. ಕೊನೆಯ ಕಾಲಂ ಖಾಲಿ ಬಿಡು.