ಅಮ್ಮ ಬಂದಾಗ ಕಬ್ಬಿಣ

ನಂಜನಗೂಡು, ಆಸ್ಪತ್ರೆಯ ಹಿಂದಿನ ಮೆಟ್ಟಿಲು
ಬುಧವಾರ, 18 ಜೂನ್ 2025

ಪ್ರೀತಿಯ ಅಪ್ಪಾ,

ಹೆಂಗಿದೀಯ? ಗುವಾಹಟಿ ಕಡೆ ಮಳೆ ಜೋರಂತಲ್ಲ, ಲಾರಿ ನಿಲ್ಲಿಸಿ ಹೊತ್ತಿಗೆ ಸರಿಯಾಗಿ ಉಣ್ತಿದೀಯ ತಾನೆ? ಬೆನ್ನುನೋವಿನ ಮಾತ್ರೆ ಖಾಲಿ ಹೊಟ್ಟೇಲಿ ನುಂಗಬೇಡ. ನಂಗೆ ಕೂತು ಬರೆಯೋಕೆ ಆಗ್ತಿಲ್ಲ, ಅದಕ್ಕೇ ಮೆಟ್ಟಿಲು ಹತ್ತಿ ಇಳಿದು ಮಾಡ್ತಾ ಮೊಬೈಲಿಗೆ ಹೇಳ್ತಿದೀನಿ. ಗಾಬರಿ ಬೀಳಬೇಡ, ಅಜ್ಜಿ ಇದಾಳೆ.

ಭಾನುವಾರ ಟಿ. ನರಸೀಪುರದ ಮನೆ ಬಚ್ಚಲಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟದ ಕೀಲು ಮುರೀತು ಅಂತ ಸುನೀತತ್ತೆ ಫೋನಲ್ಲಿ ಹೇಳಿದ್ಳಲ್ಲ. ಹೇಳದೆ ಇದ್ದಿದ್ದು ಇನ್ನೊಂದಿದೆ. ಆಪರೇಷನ್‌ಗೆ ಮುಂಚೆ ಮೂಗಿಗೆ ಕಡ್ಡಿ ಹಾಕಿ ನೋಡಿದ್ರೆ ಕೊರೊನಾ! ಸೋಮವಾರ ಡಾಕ್ಟರ್ ಮಲ್ಲಿಕಾರ್ಜುನ್ ನನ್ನ ಪಕ್ಕಕ್ಕೆ ಕರೆದು, "ನೋಡಮ್ಮ, ಈ ವಯಸ್ಸಲ್ಲಿ ಸೊಂಟ ಮುರಿಯೋದೇ ಗಂಡಾಂತರ. ಜೊತೆಗೆ ವೈರಸ್ ಸೇರಿದ್ರೆ ಜೀವಕ್ಕೆ ಅಪಾಯ ಎಷ್ಟೋ ಪಟ್ಟು ಜಾಸ್ತಿ. ಹಂಗಂತ ಕಾಯೋ ಹಂಗೂ ಇಲ್ಲ. ಮಲಗಿದಷ್ಟೂ ಎದೆ ಕಟ್ಕೊಳತ್ತೆ. ಈಗ ಆಕ್ಸಿಜನ್ ಚೆನ್ನಾಗಿದೆ, ನಾಳೆನೇ ರಾಡ್ ಹಾಕಿ ಎಬ್ಬಿಸಿ ಕೂರಿಸ್ಬೇಕು" ಅಂದ್ರು.

ಅಜ್ಜಿ ಒಪ್ಪಲಿಲ್ಲ ಕಣಪ್ಪಾ. ಕೊರೊನಾ ಅಂತಿದ್ದಂಗೆ ಕೈ ಮುಗಿದು, "ಅಮ್ಮ ಬಂದವ್ಳೆ. ಅಮ್ಮ ಮೈಮೇಲಿರೋವಾಗ ಕಬ್ಬಿಣ ಮುಟ್ಟುಸ್ಬಾರ್ದು" ಅಂದ್ಬಿಟ್ಲು. ಚಿಕ್ಕಂದಿನಲ್ಲಿ ನಿನಗೆ ಅಮ್ಮ ಬಂದು ಮೈಯೆಲ್ಲಾ ಗುಳ್ಳೆ ಎದ್ದಾಗ ಮನೆಯ ಈಳಿಗೆಮಣೇನೂ ಎತ್ತಿಟ್ಟಿದ್ದೋಳಲ್ವಾ, ಅಂಥೋಳ ಸೊಂಟಕ್ಕೆ ಉಕ್ಕಿನ ರಾಡು! ಬೈದೆ, ಗೋಗರೆದೆ, ಕಾಲು ಹಿಡಿದೆ. "ತಿರುಪ್ಪೂರಲ್ಲಿ ಬನೀನು ಒಲಿಯೋಳು ನಂಗೆ ಬುದ್ಧಿ ಏಳಾಕ್ ಬಂದವ್ಳೆ" ಅಂತ ಮೂತಿ ತಿರುಗಿಸಿದ್ಲು.

ಸಂಜೆ ಬಂದ ಡಾಕ್ಟರ್ ಬೈಲಿಲ್ಲ. "ಅಜ್ಜಿ, ಅಮ್ಮ ಎಲ್ಲಿದಾಳೆ?" ಅಂತ ಕೇಳಿದ್ರು. ಅಜ್ಜಿ ಕೆಮ್ಮಿ, ಕಣ್ಮುಚ್ಚಿ, ಎದೆ ಮೇಲೆ ಕೈ ಇಟ್ಕೊಂಡು, "ಎದೇಲವ್ಳೆ ಸಾ. ಸೊಂಟಕ್ಕಿನ್ನೂ ಇಳ್ದಿಲ್ಲ. ಎದೆ ತಂಟೆಗೆ ಓಗ್ಬ್ಯಾಡಿ, ಸೊಂಟ ನಿಮ್ದು" ಅಂದ್ಲು. ಡಾಕ್ಟರ್ ನನ್ನ ಕಡೆ ತಿರುಗಿ ಕೇಸ್ ಶೀಟ್ ತೋರಿಸಿದ್ರು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸೋದು, ಗಂಟಲಿಗೆ ಪೈಪು ಇಳಿಸದೆ ಎದೆಯನ್ನ ಅದರ ಪಾಡಿಗೆ ಬಿಡೋದು ಅಂತ ಅವರು ಮಧ್ಯಾಹ್ನವೇ ಬರೆದಿಟ್ಟಿದ್ರಂತೆ! ನೋಡಪ್ಪಾ, ಇಷ್ಟು ಓದಿದೋರು, ಅಕ್ಷರ ಬರದ ಇವಳು, ಇಬ್ಬರೂ ಒಂದೇ ಕಡೆ ಗೆರೆ ಎಳೆದಿದ್ರು.

ನೆನ್ನೆ ಆಪರೇಷನ್ ಆಯ್ತು. ಒಳಗೆ ಎಚ್ಚರವಾಗೇ ಇದ್ದು, ಸುತ್ತಿಗೆ ಸದ್ದು ಕೇಳಿ "ಯಾರ್ಲಾ ಅದು, ಬಾಗ್ಲು ಮುರೀತಿರೋದು" ಅಂದ್ಲಂತೆ. ಇವತ್ತು ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಲು. ಮೂವತ್ತೈದು ಕೆಜಿ ಮುದುಕಿ! ಬೆಟ್ಟ ಎದ್ದು ನಡೆದಂಗಿತ್ತು. ಇನ್ನೂ ಹತ್ತು ದಿನ ಏನೂ ಹೇಳೋಕಾಗಲ್ಲ ಅಂತಾರೆ ಡಾಕ್ಟರು. ಕೆಮ್ಮು ಇದೆ.

ಸುನೀತತ್ತೆ "ಅಣ್ಣನ್ನ ಕೇಳಿದೆ ಅಂತ ಹೇಳು" ಅಂದ್ಲು. ಘಾಟಿ ಇಳಿಯೋವಾಗ ಹುಷಾರು.

ನಿನ್ನ ಮಗಳು
ಭಾನು

ಅಪ್ಪಾ, ಇನ್ನೊಂದು. ಕೊರೊನಾ ನಂಗೂ ಇದೆ. ಗುರುವಾರ ತಿರುಪ್ಪೂರಿಂದ ಕೆಮ್ಕೊಂಡೇ ಬಂದು ಅವಳ ಕಂಬಳಿಯೊಳಗೆ ಮಲಗಿದ್ದೆ. ಅವಳಿಗೆ ತಂದು ಅಂಟಿಸಿದ್ದು ನಾನೇ. ನಿನಗೆ ಹೇಳೋ ಮುಂಚೆ ಅವಳಿಗೇ ಹೇಳ್ಬಿಟ್ಟೆ. ನನ್ನ ತಲೆ ಸವರಿ, "ಅಮ್ಮ ಬರ್ಬೇಕಂದ್ರೆ ಯಾರ ಎಗಲ ಮೇಲಾದ್ರೂ ಕೂತ್ಕಂಡೇ ಬರ್ಬೇಕಲ್ವೇನೆ. ಒತ್ಕಂಡ್ ಬಂದು ಸುಸ್ತಾಗಿದ್ದೀಯ, ಓಗು, ಉಂಡು ಮನೀಕೊ" ಅಂದ್ಲು.