ಸರ್ವಾಧಿಕಾರಿಯ ಕುರ್ಚಿಯಲ್ಲಿ ಹನ್ನೊಂದು ನಿಮಿಷ

ಮಾರ್ಚ್ ೧೪, ಗುರುವಾರ

ಚಿಕ್ಕಪ್ಪ ಒಂದು ಕಾಲದಲ್ಲಿ ಗೋಲು ಕಾಯುತ್ತಿದ್ದ ಕ್ರೀಡಾಂಗಣಕ್ಕೆ ಇಂದು ಹೋಗಿದ್ದೆ. ಸರ್ವಾಧಿಕಾರಿಯ ಕಾಲದಲ್ಲಿ ಅಲ್ಲಿನ ಆಟಗಾರರ ಕೋಣೆಯಲ್ಲೇ ಚಿಕ್ಕಪ್ಪನನ್ನು ಕೂಡಿಹಾಕಿ, ಹನ್ನೊಂದು ದಿನ ಕೂರಲು ಬಿಡದೆ ನಿಲ್ಲಿಸಿದ್ದರು. ಗೈಡ್ ಮಹಾಶಯ ಆ ಬಾಗಿಲು ತೆರೆಯದೆ, "ಅದು ಸಾಮಾನು ಕೋಣೆ ಸಾರ್" ಎಂದ. ಸರ್ವಾಧಿಕಾರಿ ಪಂದ್ಯ ನೋಡಲು ಕೂರುತ್ತಿದ್ದ ಕೆಂಪು ಕುರ್ಚಿಗೆ ಮಾತ್ರ ಹಗ್ಗದ ಬೇಲಿ, ಕಾಲು ಗಂಟೆಯ ಗುಣಗಾನ. ನಾನು ಬೇಲಿ ದಾಟಿ ಪರಮ ಗಂಭೀರನಾಗಿ ಕುಳಿತುಬಿಟ್ಟೆ.

"ಅಯ್ಯೋ, ಏಳಿ ಸಾರ್! ಅಲ್ಲಿ ಯಾರೂ ಕೂರೋ ಹಾಗಿಲ್ಲ!"

"ನಿಮ್ಮ ಸಾಮಾನು ಕೋಣೇಲೂ ಕೂರೋ ಹಾಗಿರ್ಲಿಲ್ಲ ಕಣಪ್ಪಾ. ಚಿಕ್ಕಪ್ಪನ ಪರವಾಗಿ ಕೂತಿದೀನಿ, ಅವರು ನಿಂತ ಒಂದೊಂದು ದಿನಕ್ಕೂ ಒಂದು ನಿಮಿಷ."

ಕಾವಲಿನವರು ಬಂದು ರಟ್ಟೆ ಹಿಡಿದು ಎಬ್ಬಿಸುವಷ್ಟರಲ್ಲಿ ಹನ್ನೊಂದೂ ಮುಗಿದಿದ್ದವು.

ಮನೆಯಲ್ಲಿ ಚಿಕ್ಕಪ್ಪ ಕೇಳಿದ್ದು ಒಂದೇ: "ಕುರ್ಚಿ ಹೇಗಿತ್ತೋ?"

"ಸ್ಪ್ರಿಂಗ್ ಚುಚ್ಚುತ್ತೆ."

"ಹಾಗಾದ್ರೆ ಅವನಿಗೂ ಚುಚ್ಚಿರುತ್ತೆ ಬಿಡು!"

ಗೋಡೆಯಾಚೆ ಇನ್ನೂ ನಗುತ್ತಲೇ ಇದ್ದಾರೆ.