ಕೈ ಬಂದ ಚಿತ್ರಗಳು

ಪಲ್ಲಾವರಂ, ಚೆನ್ನೈ
13 ಜುಲೈ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಯ್ಯ,

ಜಯಾಳ ನಮಸ್ಕಾರ. ಮಂಡಿನೋವು ಹೇಗಿದೆ? ಚಿಕ್ಕಪ್ಪನ ಮನೆಯ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಗೋಡೆ ಹಿಡಿದುಕೊಂಡು ಇಳಿಯಿರಿ. ಕಿವಿಯ ಮಷೀನಿಗೆ ಬ್ಯಾಟರಿ ಸಾಲಿಗ್ರಾಮದಲ್ಲಿ ಸಿಗದಿದ್ದರೆ ಹೇಳಿ, ಇಲ್ಲಿಂದ ಕಳಿಸುತ್ತೇನೆ. ಫೋನಿನಲ್ಲಿ ನೀವು 'ಹಾಂ, ಆಯ್ತ್ ಆಯ್ತ್' ಎನ್ನುವುದು ಏನೂ ಕೇಳಿಸದಿದ್ದಾಗ ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಹೋದ ವಾರ ನಿಮ್ಮ ಕಾಗದ ಬಂತು, ಚಿಕ್ಕಪ್ಪನ ಅಕ್ಷರದಲ್ಲಿ. ಕನ್ನಡಕ ಸರಿಯಿಲ್ಲ, ಅದಕ್ಕೆ ಕೃಷ್ಣಪ್ರಸಾದನ ಹತ್ತಿರ ಬರೆಸಿದೆ ಎಂದಿದ್ದೀರಿ. ಕನ್ನಡಕ ಹೊಸದಾಗಿ ಮಾಡಿಸಿದ್ದು ಈ ಮಾರ್ಚ್‌ನಲ್ಲಿ. ಇರಲಿ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಚೆನ್ನಾಗಿಲ್ಲ ಎಂದು ಬರೆಯುವಂಥದ್ದೂ ಏನಿಲ್ಲ. ಅಮ್ಮ ಹೋದ ಮೇಲೆ ಈ ಒಂದೂವರೆ ವರ್ಷ ಹೇಗಿದ್ದೆನೋ ಈಗಲೂ ಹಾಗೇ. ಹಲ್ಲಿನ ಡಾಕ್ಟರ್ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತದೆ, ನನ್ನದು ಎನ್ನಿಸುವುದಿಲ್ಲ, ಅಂಥದ್ದು. ನೀವು ಹೋಗಿ ಇಪ್ಪತ್ತು ದಿನವಾಯಿತು. ಮೊದಲ ದಿನ ಎರಡು ಲೋಟ ಕಾಫಿ ಮಾಡಿ, ಒಂದನ್ನು ಚೆಲ್ಲಿದೆ. ಎರಡನೆಯ ದಿನದಿಂದ ಒಂದೇ ಮಾಡುತ್ತಿದ್ದೇನೆ. ಇಷ್ಟು ಬೇಗ ಅಭ್ಯಾಸವಾಯಿತಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಲೋಟ ತೊಳೆದಿಟ್ಟೆ.

ಶನಿವಾರದ ಆನಿಮೇಶನ್ ಕ್ಲಾಸು ನಡೆಯುತ್ತಿದೆ. ಏಳು ಮಕ್ಕಳೂ ಬರುತ್ತಾರೆ. ಹೊಸಬರು ಇಬ್ಬರು ಸೇರಬಹುದು, ಅವರಿಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕು: ಚೀಟಿ ಪುಸ್ತಕದ ಮೂಲೆಯಲ್ಲಿ ಚೆಂಡು ಬರೆದು, ಹಾಳೆ ಸರಸರ ಬಿಟ್ಟು, ಅದು ಪುಟಿಯುವುದನ್ನು ತೋರಿಸುವ ಪಾಠ. ಅದನ್ನು ಹೇಳಿಕೊಡುವಾಗಲೆಲ್ಲ ನನಗೆ ನಿಮ್ಮ ಹೋಟೆಲಿನ ಬಿಲ್ ಪುಸ್ತಕದ ನೆನಪಾಗುತ್ತದೆ. ಕಾನ್ವೆಂಟಿನಲ್ಲಿ ಕನ್ನಡ ಇಲ್ಲವೆಂದು ಸಂಜೆ ಕ್ಯಾಶ್ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ಬಿಲ್ಲಿನ ಹಿಂಬದಿಯಲ್ಲಿ ಅ ಆ ಇ ಈ ತಿದ್ದಿಸುತ್ತಿದ್ದಿರಿ. ನನ್ನ ಕೈಯ ಮೇಲೆ ನಿಮ್ಮ ಕೈ ಇರುತ್ತಿತ್ತು. ನೀವು ಎದ್ದು ಹೋದ ಕೂಡಲೇ ನಾನು ಅದೇ ಪುಸ್ತಕದ ಮೂಲೆಯಲ್ಲಿ ಓಡುವ ನಾಯಿ ಬರೆಯುತ್ತಿದ್ದೆ. ಒಂದು ದಿನ ಪೂರ್ತಿ ಪುಸ್ತಕದಲ್ಲಿ ನಾಯಿ ಕಂಡು ನೀವು ಬೈಯಲಿಲ್ಲ, ಸಪ್ಲೈಯರುಗಳನ್ನೆಲ್ಲ ಕರೆದು ಓಡಿಸಿ ತೋರಿಸಿದಿರಿ. ಮುಂದೆ ಹದಿನಾರು ವರ್ಷ ಕಾರ್ಟೂನ್ ಸ್ಟುಡಿಯೋದಲ್ಲಿ ನಾನು ಮಾಡಿದ್ದೂ ಅದನ್ನೇ. ಕುರ್ಚಿ ಮಾತ್ರ ಚೆನ್ನಾಗಿತ್ತು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ತೃಷಾಳ ಕಾಫಿ ಸಿನಿಮಾ ನಿಮಗೆ ನೆನಪಿದೆಯಲ್ಲ. ಹತ್ತು ವರ್ಷದ ಹುಡುಗಿ, ಎಷ್ಟು ಹಟ. ಉಳಿದವರೆಲ್ಲ ಜೇಡಿಮಣ್ಣಿನ ಹುಳ, ಕಾರು ಮಾಡಿದರೆ ಅವಳಿಗೆ ಡಬರಾ ಬಟ್ಟಲಿನಿಂದ ಲೋಟ ತಾನೇ ಮೇಲೆದ್ದು ಕಾಫಿ ಹೊಯ್ದು ಆರಿಸಿಕೊಳ್ಳಬೇಕು. ರಟ್ಟಿನ ಲೋಟ, ರಟ್ಟಿನ ಡಬರಾ, ಕಂದು ಉಣ್ಣೆಯ ದಾರ ಕಾಫಿ, ಎಲ್ಲವನ್ನೂ ಮೇಜಿನ ಮೇಲೆ ಮಲಗಿಸಿ, ಮೇಲಿನಿಂದ ಫೋನು ಕಟ್ಟಿ, ಒಂದೊಂದು ನೂಲಿನಷ್ಟು ಸರಿಸಿ ಒಂದೊಂದು ಫೋಟೋ. ಒಂದು ಸೆಕೆಂಡಿಗೆ ಹನ್ನೆರಡು. ಹೇಗೆ ಸರಿಸಬೇಕೆಂದು ನಾನು ಹೇಳಿಕೊಟ್ಟದ್ದು ಪುಸ್ತಕದ ಹಾಗಿತ್ತು. ನೀವು ಮೂಲೆಯ ಕುರ್ಚಿಯಿಂದ ಎದ್ದು ಬಂದು 'ಲೋಟ ಮೇಲ್ ಹೋಪುದಲ್ಲ ಮಗಾ, ಕೈ ಹೋಪುದ್. ಲೋಟ ಬರೀ ಒಟ್ಟಿಗ್ ಹೋತ್' ಎಂದಿರಿ. ಮಕ್ಕಳಿಗೆ ಭಾಷೆ ತಿಳಿಯಲಿಲ್ಲ, ಆದರೆ ನೀವು ಗಾಳಿಯಲ್ಲಿ ಒಂದು ಸಲ ಕಾಫಿ ಹೊಯ್ದು ತೋರಿಸಿದಾಗ ಏಳೂ ಬಾಯಿ ತೆರೆದವು. ಮೂವತ್ತೆಂಟು ವರ್ಷ ಆರು ಲೋಟ ಒಂದೇ ಕೈಯಲ್ಲಿ ಹಿಡಿದು ಹನಿ ಚೆಲ್ಲದೆ ನಡೆದವರು ನೀವು. ಅಂದಿನಿಂದ ತೃಷಾಳ ಲೋಟ ಸರಿಸುವ ಕೆಲಸ ನಿಮ್ಮದೇ ಆಯಿತು. ಅಮ್ಮ ಹೋದ ಮೇಲೆ ನೀವು ತಾನಾಗಿ ಕುರ್ಚಿಯಿಂದ ಎದ್ದದ್ದು ಅದೇ ಮೊದಲು. ನಾನು ಅದನ್ನೂ ಗಮನಿಸಿ, ಮುಂದಿನ ಫೋಟೋ ತೆಗೆದೆ.

ನನ್ನ ಕ್ಲಾಸಿನ ನಿಯಮ ನಿಮಗೆ ಗೊತ್ತು: ಮೇಜು ಅಲುಗಬಾರದು, ಫೋನು ಮುಟ್ಟಬಾರದು, ಫೋಟೋದಲ್ಲಿ ಕೈ ಬರಬಾರದು. ಕೈ ಬಂದರೆ ಆ ಚಿತ್ರ ಅಳಿಸಬೇಕು, ಇಲ್ಲವಾದರೆ ಗೊಂಬೆ ತಾನೇ ನಡೆಯಿತೆಂದು ಯಾರೂ ನಂಬುವುದಿಲ್ಲ. ನೀವು ಲೋಟ ಸರಿಸಿ ಕೈಯನ್ನು ಅಂಚಿನಲ್ಲೇ ಬಿಡುತ್ತಿದ್ದಿರಿ. ಏಳೂ ಜನ ಒಟ್ಟಿಗೆ 'ತಾತಾ, ಕೈ!' ಎಂದು ಕೂಗುವುದೇ ಒಂದು ಆಟವಾಯಿತು. ನೀವೂ ಬಿಡುತ್ತಿರಲಿಲ್ಲ. 'ನನ್ ಕೈ ಇಲ್ದಿರೆ ನಿಮ್ಗೆ ಕಾಪಿ ಯಾರ್ ಹೊಯ್ದ್ ಕೊಡ್ತ್ರ್ ಮಕ್ಳೇ?' ಕ್ಲಾಸು ಮುಗಿದ ಮೇಲೆ ನಾನು ಕೈ ಬಂದ ಚಿತ್ರಗಳನ್ನೆಲ್ಲ ಅಳಿಸಿ ಉಳಿದದ್ದನ್ನು ಓಡಿಸಿ ನೋಡುತ್ತಿದ್ದೆ. ಲೋಟ ನಡುಗುತ್ತಿತ್ತು. ಹೀಗಾದರೆ ನಮ್ಮ ಕಸುಬಿನವರು ಮೊದಲು ನೋಡುವುದು ಮೇಜನ್ನು. ಕಾಲಿನ ಕೆಳಗೆ ರಟ್ಟು ಕೊಟ್ಟೆ. ಮರುವಾರ ಫ್ಯಾನ್ ನಿಲ್ಲಿಸಿ ಮಕ್ಕಳನ್ನು ಬೆವರಿಸಿದೆ. ಆಮೇಲೆ ಫೋನಿನ ಸ್ಟ್ಯಾಂಡ್ ಬದಲಾಯಿಸಿದೆ, ಟೇಪು ಸುತ್ತಿದೆ. ಲೋಟ ಇನ್ನೂ ಹೆಚ್ಚು ನಡುಗಿತು. ಜೂನ್ ಇಪ್ಪತ್ತೊಂದರ ಶನಿವಾರ ಉಣ್ಣೆಯ ದಾರವೂ ಚೆದುರಿ, ಒಂದು ಗಂಟೆಯ ಕೆಲಸ ಹಾಳಾಗಿ, ಮಿಥುನ್ 'ಆಂಟಿ, ಟಂಬ್ಳರ್ ಡ್ಯಾನ್ಸ್ ಆಡುದು' ಎಂದು ನಕ್ಕಾಗ ನಾನು ಎಲ್ಲರೆದುರು ಹೇಳಿದೆ: ಅಪ್ಪಯ್ಯ, ನೀವು ಸುಮ್ಮನೆ ಕುರ್ಚಿಯಲ್ಲಿ ಕೂತು ನೋಡಿ, ಕೈ ಮಾತ್ರ ಹಚ್ಚಬೇಡಿ.

ನೀವು ಕೂತಿರಿ. 'ಮೇಜಿಂದ್ ಎಂತದೂ ತಪ್ಪಿಲ್ಲೆ ಮಗಾ' ಎಂದಿರಿ. ಶುಕ್ರವಾರದ ಸಂತೆಯಲ್ಲಿ ಆ ಹಳೆಯ ಮೇಜನ್ನು ಆರಿಸಿ ತಂದವರು ನೀವೇ ಆದ್ದರಿಂದ ಅದರ ಪರ ವಹಿಸುತ್ತಿದ್ದೀರಿ ಎಂದುಕೊಂಡೆ. ಸೋಮವಾರ, ಮದುವೆಗೆಂದು ಬಂದಿದ್ದ ಚಿಕ್ಕಪ್ಪನ ಜೊತೆ, ನಾಲ್ಕು ದಿನ ಇದ್ದು ಬರುತ್ತೇನೆಂದು ಹೊರಟಿರಿ. ಚೀಲದಲ್ಲಿ ಸ್ವೆಟರ್ ಇತ್ತು. ಜೂನ್‌ನಲ್ಲಿ ನಾಲ್ಕು ದಿನಕ್ಕೆ ಸ್ವೆಟರ್ ಯಾಕೆ ಎಂದು ಕೇಳಬಹುದಿತ್ತು. ನಾನೇ ನಿಮ್ಮನ್ನು ಕಳಿಸಿದೆ ಎಂದು ಈ ಇಪ್ಪತ್ತು ದಿನವೂ ಗೊತ್ತಿತ್ತು, ಗೊತ್ತಿದ್ದೂ ಏನೂ ಅನ್ನಿಸುತ್ತಿರಲಿಲ್ಲ.

ನಿನ್ನೆ ಕ್ಲಾಸು ಮುಗಿದ ಮೇಲೆ ತೃಷಾ ಹೋಗಲಿಲ್ಲ. 'ತಾತಾ ಎಪ್ಪೋ ವರುವಾರು?' ಎಂದು ಕೇಳಿದಳು. ಯಾವಾಗ ಬರುತ್ತೀರೋ ಗೊತ್ತಿಲ್ಲವೆಂದೆ. ಹಾಗಾದರೆ ತಾತನ ಕೈ ಇರುವ ಫೋಟೋಗಳನ್ನಾದರೂ ಕೊಡಿ, ಸಿನಿಮಾದ ಕೊನೆಗೆ ಹಾಕುತ್ತೇನೆ ಎಂದಳು. ಅಳಿಸಿದ ಚಿತ್ರ ಫೋನಿನ ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ. ಜೂನ್ ಹದಿನಾಲ್ಕರವು ನಾಳೆ ಹೋಗುವುದರಲ್ಲಿದ್ದವು. ಎಲ್ಲವನ್ನೂ ಹಿಂದಕ್ಕೆ ತಂದೆ. ನೂರಾ ಎಂಬತ್ತಾರು ಇದ್ದವು. ಅಭ್ಯಾಸಬಲ, ಅವನ್ನೂ ಸಾಲಾಗಿಟ್ಟು ಓಡಿಸಿದೆ, ಹದಿನೈದೂವರೆ ಸೆಕೆಂಡು. ಮೇಜಿನ ಅಂಚು ನಿಂತಿತ್ತು. ನಾನು ಹಚ್ಚಿದ ಟೇಪು ನಿಂತಿತ್ತು. ಲ್ಯಾಂಪಿನ ನೆರಳು ನಿಂತಿತ್ತು. ತೃಷಾ ಪರದೆಯ ಮೇಲೆ ಬೆರಳಿಟ್ಟು 'ತಾತಾವೋಡ ಕೈ ದಾ ಆಡುದು, ಆಂಟಿ' ಎಂದಳು, ಅಲುಗುವುದು ತಾತನ ಕೈಯೇ ಎಂದು. ನಾನು ಹೂಂ ಎಂದೆ. ಅವಳಿಗೆ ಬಿಸ್ಕತ್ತು ಕೊಟ್ಟು ಅವಳಮ್ಮ ಬರುವವರೆಗೆ ಕೂರಿಸಿದೆ. ಆಮೇಲೆ ಅಕ್ಕಿ ತೊಳೆದಿಟ್ಟೆ. ಅನ್ನ ಆಯಿತು, ಉಂಡೆ.

ಸ್ಟುಡಿಯೋದಲ್ಲಿ ಒಂದು ಚಿತ್ರದ ಒಂದು ಗೆರೆ ಕೂದಲಷ್ಟು ಸರಿದರೂ ಹಿಡಿಯುತ್ತಾಳೆಂದು ನನಗೆ ಹೆಸರಿತ್ತು. ಆ ಕಣ್ಣು ಮನೆಗೆ ಬಂದಾಗ ಎಲ್ಲಿರುತ್ತದೆ? ನಿಮ್ಮನ್ನು ನೋಡದೆ ಇದ್ದೆನೋ, ನೋಡಬಾರದೆಂದೇ ಮೇಜಿಗೆ ಟೇಪು ಸುತ್ತುತ್ತಿದ್ದೆನೋ, ನನಗೇ ಗೊತ್ತಾಗುತ್ತಿಲ್ಲ. ಅಮ್ಮನ ಕಾಯಿಲೆಯನ್ನೂ ಕೊನೆಗೇ ನೋಡಿದ್ದು.

ತೃಷಾಳ ಲೋಟ ಈಗ ನಾನು ಸರಿಸುತ್ತೇನೆ. ಒಂದಿಷ್ಟೂ ನಡುಗುವುದಿಲ್ಲ, ಆದರೆ ಯಾರೋ ಅಳತೆಪಟ್ಟಿ ಹಿಡಿದು ಕಾಫಿ ಹೊಯ್ದ ಹಾಗೆ ಕಾಣುತ್ತದೆ. ಅವಳಿಗೂ ಇಷ್ಟವಾಗಿಲ್ಲ, ಮರ್ಯಾದೆಗೆ ಚೆನ್ನಾಗಿದೆ ಎನ್ನುತ್ತಾಳೆ. ಕುರ್ಚಿ ಅಲ್ಲೇ ಇದೆ. ಮಿಥುನ್ ಅದರ ಮೇಲೆ ಬ್ಯಾಗ್ ಇಟ್ಟರೆ ಉಳಿದವರು ತೆಗೆಸುತ್ತಾರೆ. ಯಾರ ಕೈ ಚಿತ್ರದಲ್ಲಿ ಬಂದರೂ ಇನ್ನೂ 'ತಾತಾ, ಕೈ!' ಎಂದೇ ಕೂಗುವುದು.

ಚಿಕ್ಕಪ್ಪನಿಗೂ ಚಿಕ್ಕಮ್ಮನಿಗೂ ನನ್ನ ನಮಸ್ಕಾರ ತಿಳಿಸಿ. ಅಮ್ಮನ ಫೋಟೋಕ್ಕೆ ದಿನಾ ಹೂ ಇಡುತ್ತಿದ್ದೇನೆ, ಆ ಚಿಂತೆ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ ಮಗಳು,
ಜಯಲಕ್ಷ್ಮೀ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ನರರೋಗದ ಡಾಕ್ಟರ ಹತ್ತಿರ ಇಪ್ಪತ್ತನಾಲ್ಕನೇ ತಾರೀಕು ಹೆಸರು ಬರೆಸಿದ್ದೇನೆ. ಇಪ್ಪತ್ತಕ್ಕೆ ನಾನೇ ಸಾಲಿಗ್ರಾಮಕ್ಕೆ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತೇನೆ. ನಾನು ಬಂದಾಗ ಬಲಗೈಯನ್ನು ಹೆಗಲ ಮೇಲಿನ ಬೈರಾಸಿನೊಳಗೆ ಇಟ್ಟುಕೊಂಡು ಕೂರಬೇಡಿ. ಯಾವಾಗಿನಿಂದ ಶುರುವಾಯಿತು ಎಂದು ಡಾಕ್ಟರ್ ಮೊದಲು ಕೇಳುತ್ತಾರೆ. ನನ್ನ ಹತ್ತಿರ ಜೂನ್ ಹದಿನಾಲ್ಕರ ಹಿಂದಿನ ಚಿತ್ರ ಒಂದೂ ಇಲ್ಲ, ಎಲ್ಲ ನಾನೇ ಅಳಿಸಿದ್ದೇನೆ. ನಿಮಗೆ ಗೊತ್ತಿರುತ್ತದೆ. ಒಂದು ಕಾರ್ಡಿನಲ್ಲಿ ಬರೆದು ಹಾಕಿ, ತಿಂಗಳ ಹೆಸರಷ್ಟೇ ಸಾಕು. ಚಿಕ್ಕಪ್ಪನ ಹತ್ತಿರ ಬರೆಸಬೇಡಿ ಅಪ್ಪಯ್ಯ. ಅಕ್ಷರ ಹೇಗೆ ಬಂದರೂ ನಾನು ಓದುತ್ತೇನೆ.